ರೋಮ್ ಹಂಚಿದ ಪೌರತ್ವ, ಭಾರತ ಕಾಯುವ ಪೌರತ್ವ

ಬೆಂಗಳೂರಿನಲ್ಲಿ ವಲಸೆಯ ಚರ್ಚೆ ಸ್ವಲ್ಪ ಕಾವೇರಿದ ಕೂಡಲೇ ಯಾರಾದರೊಬ್ಬರು ರೋಮ್ ಸಾಮ್ರಾಜ್ಯವನ್ನು ಎಳೆದು ತರುತ್ತಾರೆ. ಹೊರಗಿನವರನ್ನು ತನ್ನವರನ್ನಾಗಿ ಮಾಡಿಕೊಂಡದ್ದರಿಂದಲೇ ರೋಮ್ ಬೆಳೆಯಿತು ಎನ್ನುವವರು ಒಂದು ಕಡೆ. ಹೊರಗಿನವರನ್ನು ಒಳಗೆ ಬಿಟ್ಟುಕೊಂಡದ್ದರಿಂದಲೇ ಅದು ಅಳಿಯಿತು ಎನ್ನುವವರು ಇನ್ನೊಂದು ಕಡೆ. ಸಾವಿರ ವರ್ಷಕ್ಕೂ ಮಿಕ್ಕಿದ ಇತಿಹಾಸದಲ್ಲಿ ಇಬ್ಬರೂ ತಮಗೆ ಬೇಕಾದ ಶತಮಾನವನ್ನು ಆರಿಸಿಕೊಂಡಿರುತ್ತಾರೆ. ಈ ಎರಡೂ ವಾದಗಳಿಗೆ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ ಎಂದು ನನಗೆ ಅನಿಸುತ್ತದೆ. ರೋಮ್ ಅಷ್ಟೊಂದು ಧಾರಾಳವಾಗಿ ಹಂಚಿದ ಪೌರತ್ವದೊಳಗೆ ಇದ್ದದ್ದೇನು? ಇಂದಿನ ರಾಷ್ಟ್ರಗಳು ಇಷ್ಟೊಂದು ಬಿಗಿಯಾಗಿ ಕಾಯುತ್ತಿರುವ ಪೌರತ್ವದೊಳಗೆ ಇರುವುದೇನು?

ರೋಮ್ ನಮ್ಮೂರಿಗೆ ತೀರ ಸಂಬಂಧವಿಲ್ಲದ ಸಂಗತಿಯೇನಲ್ಲ. 1891ರಲ್ಲಿ ಯಶವಂತಪುರದಲ್ಲಿ, ಆಮೇಲೆ 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಆವರಣದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಅವುಗಳ ಮೇಲಿರುವ ಚಕ್ರವರ್ತಿಗಳಲ್ಲಿ ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಸೇರಿದ್ದಾರೆ. ನಾಣ್ಯಗಳು ಇಷ್ಟು ದೂರ ಬಂದ ಕಾಲದಲ್ಲೇ ಆ ಕ್ಲಾಡಿಯಸ್ ಪೌರತ್ವದ ಬಗ್ಗೆ ಆಡಿದ ಮಾತುಗಳು ಇಂದಿಗೂ ಉಳಿದಿವೆ.

ಕ್ರಿ.ಶ. 48ರಲ್ಲಿ ಗಾಲ್ ಪ್ರಾಂತ್ಯದ, ಅಂದರೆ ಇಂದಿನ ಫ್ರಾನ್ಸಿನ, ಗಣ್ಯರು ರೋಮಿನ ಸೆನೆಟ್ಟಿನಲ್ಲಿ ಸ್ಥಾನ ಕೇಳಿದರು. ನೂರು ವರ್ಷದ ಹಿಂದೆ ಜೂಲಿಯಸ್ ಸೀಸರ್ ರಕ್ತ ಹರಿಸಿ ಗೆದ್ದ ಜನ ಅವರು. ಹಳೆಯ ಸೆನೆಟರುಗಳು ಸಿಡುಕಿದಾಗ ಕ್ಲಾಡಿಯಸ್ ಎದ್ದು ನಿಂತು, ತನ್ನ ಮೂಲಪುರುಷನೇ ರೋಮಿನ ನೆರೆಯ ಸೆಬೈನ್ ಕುಲದಿಂದ ಬಂದವನೆಂದೂ, ಅಥೆನ್ಸ್ ಮತ್ತು ಸ್ಪಾರ್ಟಾಗಳು ಯುದ್ಧದಲ್ಲಿ ಬಲಶಾಲಿಗಳಾಗಿದ್ದರೂ ಹಾಳಾದದ್ದು ತಾವು ಸೋಲಿಸಿದ ಜನರನ್ನು ಪರಕೀಯರೆಂದು ದೂರ ಇಟ್ಟದ್ದರಿಂದಲೇ ಎಂದೂ ವಾದಿಸಿದನೆಂದು ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ಈ ಭಾಷಣವನ್ನು ಗಾಲರು ಕಂಚಿನ ಫಲಕದಲ್ಲಿ ಕೆತ್ತಿಸಿ ಇಟ್ಟುಕೊಂಡರು. 1528ರಲ್ಲಿ ಲಿಯಾನ್ ನಗರದಲ್ಲಿ ಆ ಫಲಕದ ಭಾಗ ಸಿಕ್ಕಿತು. ಟ್ಯಾಸಿಟಸ್ ತಿದ್ದಿ ತೀಡಿದ ಭಾಷಣ ಸೊಗಸಾಗಿದೆ, ಕಂಚಿನ ಮೇಲಿನ ಮೂಲ ಅಲ್ಲಲ್ಲಿ ಎಳೆದಾಡುತ್ತದೆ; ಕ್ಲಾಡಿಯಸ್‌ಗೆ ಇತಿಹಾಸದ ಹುಚ್ಚು ಇತ್ತು, ಆತ ವಿಷಯಕ್ಕೆ ಬರಲು ಬಹಳ ಹೊತ್ತು ಹಿಡಿಯುತ್ತಿದ್ದ.

ಈ ಧಾರಾಳತನ ಒಬ್ಬ ಚಕ್ರವರ್ತಿಯ ಸ್ವಭಾವವಾಗಿರಲಿಲ್ಲ. ಅದಕ್ಕೆ ಇನ್ನೂರೈವತ್ತು ವರ್ಷಗಳಿಗೂ ಹಿಂದೆ ಮ್ಯಾಸಿಡೋನಿಯಾದ ಅರಸ ಐದನೆಯ ಫಿಲಿಪ್, ಗ್ರೀಸಿನ ಲಾರಿಸ್ಸಾ ನಗರಕ್ಕೆ ಬರೆದ ಪತ್ರವೊಂದರಲ್ಲಿ, ರೋಮನ್ನರು ಗುಲಾಮರನ್ನು ಬಿಡುಗಡೆ ಮಾಡಿದಾಗ ಪೌರತ್ವವನ್ನೂ ಕೊಡುತ್ತಾರೆ, ಅದರಿಂದಲೇ ಅಷ್ಟೊಂದು ಊರುಗಳಿಗೆ ತಮ್ಮ ಜನರನ್ನು ಕಳಿಸಲು ಅವರಿಗೆ ಸಾಧ್ಯವಾಗಿದೆ, ನೀವೂ ಹಾಗೆ ಮಾಡಿ ಎಂದು ಬುದ್ಧಿ ಹೇಳಿದ್ದ. ಶಿಲಾಶಾಸನವಾಗಿ ಉಳಿದಿರುವ ಆ ಪತ್ರವನ್ನು ಬರೆದವನು ರೋಮಿನ ಸ್ನೇಹಿತನಲ್ಲ, ವೈರಿ. ಆದ್ದರಿಂದ ಹೊಗಳಿಕೆಗೆ ಬೆಲೆ ಹೆಚ್ಚು. ವಿಧಿಬದ್ಧವಾಗಿ ಬಿಡುಗಡೆಯಾದ ಗುಲಾಮ ಅದೇ ಗಳಿಗೆಯಲ್ಲಿ ರೋಮನ್ ಪೌರನಾಗುತ್ತಿದ್ದ. ಅಧಿಕಾರದ ಹುದ್ದೆ ಅವನಿಗೆ ಸಿಗುತ್ತಿರಲಿಲ್ಲ, ಆದರೆ ಬಿಡುಗಡೆಯ ನಂತರ ಹುಟ್ಟಿದ ಅವನ ಮಗನಿಗೆ ಆ ಅಡ್ಡಿಯೂ ಇರಲಿಲ್ಲ. ಹೀಗೆ ಪೌರರಾಗುವವರ ಸಂಖ್ಯೆ ಹೆಚ್ಚಿತೆಂದು ಅಗಸ್ಟಸ್‌ನ ಕಾಲದಲ್ಲಿ ಕಡಿವಾಣವೂ ಬಿತ್ತು: ಕ್ರಿ.ಪೂ. 2ರ ಕಾನೂನಿನಂತೆ ಒಬ್ಬ ಒಡೆಯ ತನ್ನ ಉಯಿಲಿನ ಮೂಲಕ ನೂರಕ್ಕಿಂತ ಹೆಚ್ಚು ಗುಲಾಮರನ್ನು ಬಿಡುಗಡೆ ಮಾಡುವಂತಿರಲಿಲ್ಲ.

ಇನ್ನೊಂದು ದಾರಿ ಸೈನ್ಯದ್ದು. ಪೌರರಲ್ಲದ ಪ್ರಾಂತ್ಯವಾಸಿಗಳು ಸಹಾಯಕ ದಳಗಳಲ್ಲಿ 25 ವರ್ಷ ದುಡಿದರೆ ಪೌರತ್ವ ಸಿಗುತ್ತಿತ್ತು. ಎರಡು ಕಂಚಿನ ತಗಡುಗಳನ್ನು ಜೋಡಿಸಿ, ಏಳು ಸಾಕ್ಷಿಗಳ ಮುದ್ರೆ ಹಾಕಿ, ರೋಮಿನಲ್ಲಿರುವ ಮೂಲ ಆಜ್ಞೆಯ ಪ್ರತಿಯೆಂದು ಕೈಗೆ ಕೊಡುತ್ತಿದ್ದರು. ಬ್ರಿಟನ್ನಿನಿಂದ ಸಿರಿಯಾದವರೆಗೆ ಈ ತಗಡುಗಳು ಸಿಕ್ಕಿವೆ. 25 ವರ್ಷವೆಂದರೆ ಆ ಕಾಲದ ಒಬ್ಬ ಮನುಷ್ಯನ ದುಡಿಯುವ ಆಯುಷ್ಯವೆಲ್ಲ. ಇದನ್ನು ಔದಾರ್ಯವೆಂದು ಕರೆಯುವ ಮುಂಚೆ ನಾನು ಸ್ವಲ್ಪ ತಡೆಯುತ್ತೇನೆ. ಪೌರತ್ವ ಇಲ್ಲಿ ನಿವೃತ್ತಿ ವೇತನದಂತೆ ಕೆಲಸ ಮಾಡುತ್ತಿತ್ತು. ಖಜಾನೆಯಿಂದ ಹಣ ಖರ್ಚಾಗದ ನಿವೃತ್ತಿ ವೇತನ.

ಹಾಗಾದರೆ ಅದರಿಂದ ಸಿಗುತ್ತಿದ್ದದ್ದು ಏನು? ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಬರುವ ಪೌಲನ ಪ್ರಸಂಗ ಇದಕ್ಕೆ ಒಳ್ಳೆಯ ಸಾಕ್ಷಿ. ಜೆರೂಸಲೇಮಿನಲ್ಲಿ ಅವನನ್ನು ಕಟ್ಟಿಹಾಕಿ ಚಾಟಿಯಿಂದ ಹೊಡೆಯಲು ಸಿದ್ಧವಾದಾಗ, ವಿಚಾರಣೆಯಿಲ್ಲದೆ ರೋಮನ್ ಪೌರನನ್ನು ಹೊಡೆಯುವುದು ನ್ಯಾಯವೇ ಎಂದು ಅವನು ಕೇಳುತ್ತಾನೆ. ಸೇನಾಧಿಕಾರಿ ಗಾಬರಿಯಾಗಿ, ನಾನು ಈ ಪೌರತ್ವವನ್ನು ಬಹಳ ಹಣ ಕೊಟ್ಟು ಪಡೆದವನು ಎನ್ನುತ್ತಾನೆ. ನಾನಾದರೋ ಹುಟ್ಟಿನಿಂದಲೇ ಪೌರ ಎಂದು ಪೌಲ ಉತ್ತರಿಸುತ್ತಾನೆ. ಹೊಡೆಯಲು ಬಂದವರು ಹಿಂದೆ ಸರಿಯುತ್ತಾರೆ. ರೋಮನ್ ಪೌರತ್ವದ ತಿರುಳು ಇದು: ಮೈಮೇಲೆ ಚಾಟಿ ಬೀಳದಂತೆ ರಕ್ಷಣೆ, ಮೇಲ್ಮನವಿಯ ಹಕ್ಕು, ರೋಮನ್ ಕಾನೂನಿನಡಿ ಮದುವೆ, ಉಯಿಲು, ವ್ಯಾಪಾರ. ಅಧಿಕಾರ ಚಕ್ರವರ್ತಿಯ ಕೈಸೇರಿದ ಮೇಲೆ ಆಳುವವರನ್ನು ಆರಿಸುವ ಶಕ್ತಿ ಅದರಲ್ಲಿ ಉಳಿದಿರಲಿಲ್ಲ. ಸರ್ಕಾರಿ ಆಸ್ಪತ್ರೆ, ಶಾಲೆ, ಪಿಂಚಣಿ ಎಂಬ ಮಾತೇ ಇರಲಿಲ್ಲ. ಹೊಸಬನೊಬ್ಬ ಪೌರನಾದರೆ ಹಳೆಯ ಪೌರ ಕಳೆದುಕೊಳ್ಳುವುದು ಬಹಳ ಕಡಿಮೆಯಿತ್ತು. ಕೊಡುವ ಕೈ ಧಾರಾಳವಾಗಿರಲು ಇದೊಂದು ಕಾರಣವೆಂದು ನನ್ನ ಊಹೆ. ಕಳೆದುಕೊಳ್ಳುವುದು ಇದ್ದ ಕಾಲದಲ್ಲಿ ರೋಮನ್ನರೂ ಜಿಪುಣರೇ ಆಗಿದ್ದರು. ಗಣರಾಜ್ಯದ ದಿನಗಳಲ್ಲಿ, ಚುನಾವಣೆಯ ಮತಕ್ಕೆ ಇನ್ನೂ ಬೆಲೆಯಿದ್ದಾಗ, ಪಕ್ಕದ ಇಟಲಿಯ ಮಿತ್ರರಿಗೇ ಪೌರತ್ವ ನಿರಾಕರಿಸಿದ್ದರು, ಕ್ರಿ.ಪೂ. 91ರಲ್ಲಿ ಆ ಮಿತ್ರರು ಯುದ್ಧಕ್ಕೆ ಎದ್ದ ಮೇಲೆಯೇ, 90 ಮತ್ತು 89ರ ಕಾನೂನುಗಳ ಮೂಲಕ, ಅದನ್ನು ಬಿಟ್ಟುಕೊಟ್ಟರು.

ಕ್ರಿ.ಶ. 212ರಲ್ಲಿ ಕ್ಯಾರಕಲ್ಲಾ ಚಕ್ರವರ್ತಿ ಸಾಮ್ರಾಜ್ಯದ ಬಹುಪಾಲು ಎಲ್ಲ ಸ್ವತಂತ್ರ ನಿವಾಸಿಗಳನ್ನೂ ಒಂದೇ ಆಜ್ಞೆಯಿಂದ ಪೌರರನ್ನಾಗಿ ಮಾಡಿದ. ಇದನ್ನು ಮಾನವ ಇತಿಹಾಸದ ದೊಡ್ಡ ಸಮಾನತೆಯ ಘೋಷಣೆಯೆಂದು ಕೊಂಡಾಡುವವರಿದ್ದಾರೆ. ಅದೇ ಕಾಲದ ಸೆನೆಟರ್ ಕ್ಯಾಸಿಯಸ್ ಡಿಯೊ ಬರೆದಿಟ್ಟದ್ದು ಬೇರೆ: ಹೆಸರಿಗೆ ಗೌರವ, ನಿಜವಾದ ಉದ್ದೇಶ ತೆರಿಗೆ. ಪೌರರು ಮಾತ್ರ ಕಟ್ಟುತ್ತಿದ್ದ ಉತ್ತರಾಧಿಕಾರದ ತೆರಿಗೆಯನ್ನು ಕ್ಯಾರಕಲ್ಲಾ ನೂರಕ್ಕೆ ಐದರಿಂದ ಹತ್ತಕ್ಕೆ ಏರಿಸಿದ್ದ. ಡಿಯೊಗೆ ಕ್ಯಾರಕಲ್ಲಾನನ್ನು ಕಂಡರೆ ಆಗುತ್ತಿರಲಿಲ್ಲ, ಆದ್ದರಿಂದ ಅವನ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಆದರೆ ಆಮೇಲೆ ನಡೆದದ್ದರ ಬಗ್ಗೆ ಸಂದೇಹವಿಲ್ಲ. ಅದಕ್ಕೂ ಮುಂಚಿನಿಂದಲೇ ಕಾನೂನಿನಲ್ಲಿ ಗೌರವಾನ್ವಿತರು ಮತ್ತು ಕೆಳವರ್ಗದವರು ಎಂಬ ಎರಡು ದರ್ಜೆಗಳು ಮೂಡುತ್ತಿದ್ದವು. ಎಲ್ಲರೂ ಪೌರರಾದ ಮೇಲೆ ಆ ಗೆರೆಯೇ ಮುಖ್ಯವಾಯಿತು. ಒಂದೇ ಅಪರಾಧಕ್ಕೆ ಮೇಲಿನವನಿಗೆ ಗಡೀಪಾರು, ಕೆಳಗಿನವನಿಗೆ ಗಣಿ ಅಥವಾ ಕಾಡುಮೃಗ. ಪೌಲನನ್ನು ಚಾಟಿಯಿಂದ ಉಳಿಸಿದ ಮಾತು ಮೂರನೆಯ ಶತಮಾನದ ಬಡ ಪೌರನನ್ನು ಉಳಿಸುತ್ತಿರಲಿಲ್ಲ.

ರೋಮನ್ನು ವಲಸಿಗರು ಕೆಡವಿದರು ಎನ್ನುವವರ ವಾದಕ್ಕೆ ಹೆಚ್ಚು ಮಾತು ಬೇಕಿಲ್ಲ. ಕ್ರಿ.ಶ. 376ರಲ್ಲಿ ಹೂಣರಿಗೆ ಹೆದರಿ ಡ್ಯಾನ್ಯೂಬ್ ನದಿ ದಾಟಿದ ಗಾಥರನ್ನು ಒಳಗೆ ಬಿಡಲು ಚಕ್ರವರ್ತಿ ವೇಲನ್ಸ್ ಒಪ್ಪಿದ್ದು ಸೈನಿಕರು ಸಿಗುತ್ತಾರೆಂಬ ಲೆಕ್ಕದಿಂದ. ಅವರನ್ನು ನೋಡಿಕೊಳ್ಳಬೇಕಾದ ಅಧಿಕಾರಿಗಳು ಹಸಿದವರಿಗೆ ನಾಯಿಗಳನ್ನು ಕೊಟ್ಟು, ಬದಲಿಗೆ ಅವರವರನ್ನೇ ಗುಲಾಮರಾಗಿ ಪಡೆದರೆಂದು ಆ ಕಾಲದ ಇತಿಹಾಸಕಾರ ಅಮ್ಮಿಯಾನಸ್ ದಾಖಲಿಸಿದ್ದಾನೆ. ದಂಗೆ ಎದ್ದಿತು, 378ರಲ್ಲಿ ಏಡ್ರಿಯಾನೋಪಲ್ ಕದನದಲ್ಲಿ ವೇಲನ್ಸ್ ಸತ್ತ. ಪ್ರವೇಶ ಕೊಟ್ಟದ್ದು ತಪ್ಪೋ, ಕೊಟ್ಟ ಮೇಲೆ ನಡೆಸಿಕೊಂಡ ರೀತಿ ತಪ್ಪೋ ಎಂಬುದನ್ನು ಓದುಗರೇ ತೀರ್ಮಾನಿಸಬಹುದು. ನನಗಂತೂ ಎರಡನೆಯದೇ ಸರಿಯೆನಿಸುತ್ತದೆ.

ಈಗ ನಮ್ಮ ದೇಶಕ್ಕೆ ಬರೋಣ. ಭಾರತದ ಸಂವಿಧಾನ ಒಳಗಿರುವ ನಾಗರಿಕರ ನಡುವೆ ದರ್ಜೆಗಳನ್ನು ಒಪ್ಪುವುದಿಲ್ಲ. ಒಂದೇ ಪೌರತ್ವ, ಒಬ್ಬರಿಗೆ ಒಂದೇ ಮತ. ಕಾನೂನಿನ ಮುಂದೆ ಸಮಾನತೆ ಮತ್ತು ಜೀವದ ರಕ್ಷಣೆ, ಅಂದರೆ 14 ಮತ್ತು 21ನೆಯ ವಿಧಿಗಳು, ವಿದೇಶಿಯರಿಗೂ ಅನ್ವಯಿಸುತ್ತವೆ. ಪೌಲನಿಗೆ ಪೌರತ್ವದಿಂದ ಸಿಕ್ಕದ್ದು ಇಲ್ಲಿ, ಕಾಗದದ ಮೇಲಾದರೂ, ಮನುಷ್ಯನಾಗಿರುವುದಕ್ಕೇ ಸಿಗುತ್ತದೆ. ಅದರಾಚೆ, ಮತ ಹಾಕುವುದು, ದೇಶದ ಯಾವ ಮೂಲೆಗಾದರೂ ಹೋಗಿ ನೆಲೆಸುವುದು, ಸರ್ಕಾರಿ ಕೆಲಸಕ್ಕೆ ಸಮಾನ ಅವಕಾಶ ಪಡೆಯುವುದು, ಇವು ನಾಗರಿಕರಿಗೆ ಮಾತ್ರ. ಒಳಗೆ ಬಂದವನಿಗೆ ಇಷ್ಟೆಲ್ಲವನ್ನೂ ಪೂರ್ತಿಯಾಗಿ ಕೊಡಬೇಕಾದಾಗ ಬಾಗಿಲಲ್ಲಿ ಯಾರು ನಿಂತಿದ್ದಾರೆ ಎಂಬ ಪ್ರಶ್ನೆ ತೀಕ್ಷ್ಣವಾಗುತ್ತದೆ. ರೋಮ್ ತನ್ನ ಗೆರೆಗಳನ್ನು ಸಮಾಜದೊಳಗೆ ಎಳೆಯಿತು, ಆಧುನಿಕ ರಾಷ್ಟ್ರ ಅವುಗಳನ್ನು ಗಡಿಗೆ ತಳ್ಳಿತು.

ಆ ಗೆರೆಯನ್ನು ಎಳೆಯುವುದು ಮೊದಲಿನಿಂದಲೂ ಕಷ್ಟವೇ ಆಗಿತ್ತು. 1949ರ ಆಗಸ್ಟಿನಲ್ಲಿ ಸಂವಿಧಾನ ಸಭೆಯಲ್ಲಿ ಪೌರತ್ವದ ವಿಧಿಯನ್ನು ಮಂಡಿಸುವಾಗ, ಇನ್ನೊಂದು ವಿಧಿಯನ್ನು ಬಿಟ್ಟರೆ ಕರಡು ಸಮಿತಿಗೆ ಇಷ್ಟು ತಲೆನೋವು ಕೊಟ್ಟದ್ದು ಯಾವುದೂ ಇಲ್ಲವೆಂದು ಅಂಬೇಡ್ಕರ್ ಹೇಳಿದರು. ವಿಭಜನೆಯ ಗಾಯ ಇನ್ನೂ ಹಸಿಯಾಗಿತ್ತು. 1955ರ ಪೌರತ್ವ ಕಾಯ್ದೆ ಭಾರತದ ನೆಲದಲ್ಲಿ ಹುಟ್ಟಿದವರನ್ನು, ರಾಜತಾಂತ್ರಿಕರ ಮಕ್ಕಳಂಥ ಕೆಲವರನ್ನು ಬಿಟ್ಟು, ನಾಗರಿಕರೆಂದೇ ಎಣಿಸಿತು. ಆಮೇಲೆ ಬಾಗಿಲು ಕಿರಿದಾಗುತ್ತ ಬಂತು: 1987ರ ಜುಲೈ 1ರಿಂದ ಹುಟ್ಟಿದವರಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ನಾಗರಿಕರಾಗಿರಬೇಕು, 2004ರ ಡಿಸೆಂಬರ್ 3ರ ನಂತರ ಹುಟ್ಟಿದವರಿಗೆ ಇಬ್ಬರೂ ನಾಗರಿಕರಾಗಿರಬೇಕು, ಇಲ್ಲವೇ ಒಬ್ಬರು ನಾಗರಿಕರಾಗಿ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. 2019ರ ತಿದ್ದುಪಡಿ, ಪಾಕಿಸ್ತಾನ, ಅಫ್ಘಾನಿಸ್ತಾನ, ಬಾಂಗ್ಲಾದೇಶಗಳಿಂದ 2014ರ ಅಂತ್ಯದೊಳಗೆ ಬಂದ ಆರು ಧರ್ಮಗಳವರಿಗೆ ದಾರಿಯನ್ನು ಹತ್ತಿರ ಮಾಡಿ, ಮುಸ್ಲಿಮರನ್ನು ಆ ಪಟ್ಟಿಯಿಂದ ಹೊರಗಿಟ್ಟಿತು. ಕಿರುಕುಳಕ್ಕೆ ಒಳಗಾದ ಅಲ್ಪಸಂಖ್ಯಾತರಿಗೆ ಆಸರೆ ಎಂದು ಸರ್ಕಾರ ಸಮರ್ಥಿಸಿತು. ಧರ್ಮವನ್ನು ಪೌರತ್ವದ ಅಳತೆಗೋಲಾಗಿ ಕಾನೂನಿನಲ್ಲಿ ಬರೆದದ್ದು ಇದೇ ಮೊದಲು ಎಂಬುದು ವಿರೋಧಿಗಳ ವಾದ. ಅಳತೆಗೋಲು ಕಿರುಕುಳವೇ ಆಗಿದ್ದರೆ ಧರ್ಮದ ಪಟ್ಟಿಯ ಅಗತ್ಯವಿರಲಿಲ್ಲ ಎಂದು ನಾನು ಎರಡನೆಯವರ ಕಡೆ ವಾಲುತ್ತೇನೆ.

ಕಾಯ್ದೆಯ ಮೂಲೆಯಲ್ಲಿರುವ ಒಂದು ಷರತ್ತು ನಮ್ಮಲ್ಲಿ ಹೆಚ್ಚು ಜನರ ಕಣ್ಣಿಗೆ ಬಿದ್ದಂತಿಲ್ಲ. ವಿದೇಶಿಯನೊಬ್ಬ ಭಾರತದ ಪೌರತ್ವ ಪಡೆಯಲು ಸಾಮಾನ್ಯವಾಗಿ ಒಟ್ಟು 12 ವರ್ಷ ಇಲ್ಲಿ ವಾಸಿಸಿರಬೇಕು. ಜೊತೆಗೆ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಯಾವುದಾದರೊಂದು ಭಾಷೆ ತಕ್ಕಮಟ್ಟಿಗೆ ಗೊತ್ತಿರಬೇಕು. ಆ 22 ಭಾಷೆಗಳಲ್ಲಿ ಕನ್ನಡವೂ ಒಂದು, ಇಂಗ್ಲಿಷ್ ಇಲ್ಲ. ಕಾನೂನಿನ ಪ್ರಕಾರ, ಹೆಣ್ಣೂರಿನಲ್ಲಿ ನೆಲೆಸಿ ಕನ್ನಡ ಮಾತ್ರ ಕಲಿತ ಆಫ್ರಿಕಾದವನೊಬ್ಬ ಭಾಷೆಯ ಪರೀಕ್ಷೆ ದಾಟುತ್ತಾನೆ, ಇಂಗ್ಲಿಷಿನಲ್ಲೇ ಹತ್ತು ವರ್ಷ ಸಂಸಾರ ನಡೆಸಿದ ಕಂಪನಿ ಅಧಿಕಾರಿ ದಾಟುವುದಿಲ್ಲ.

ಇನ್ನು ಹುಟ್ಟಿನ ನಿಯಮ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. ಬೈಲಕುಪ್ಪೆ, ಮುಂಡಗೋಡು, ಹುಣಸೂರುಗಳಲ್ಲಿ ನೆಲೆಸಿದ ಟಿಬೆಟಿಯನ್ನರಲ್ಲಿ 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲೇ ಹುಟ್ಟಿದವರು ಕಾಯ್ದೆಯ ಪ್ರಕಾರ ಭಾರತದ ನಾಗರಿಕರು. ಆದರೂ ಅವರಿಗೆ ಪಾಸ್‌ಪೋರ್ಟ್ ಸಿಗಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಅವರು ಹುಟ್ಟಿನಿಂದ ನಾಗರಿಕರೇ ಎಂದು ಹೇಳಿದವು. ಪೌರತ್ವ ಇರುವುದು ಒಂದು, ಇದೆಯೆಂದು ಕಚೇರಿ ಒಪ್ಪುವುದು ಇನ್ನೊಂದು.

ಈ ಎರಡರ ನಡುವಿನ ಅಂತರ ರೋಮಿನಲ್ಲೂ ಇತ್ತು. ಕ್ರಿ.ಪೂ. 62ರಲ್ಲಿ ವಕೀಲ ಸಿಸೆರೊ ವಾದಿಸಿದ ಆರ್ಕಿಯಸ್‌ನ ಮೊಕದ್ದಮೆಯನ್ನು ಓದಿದಾಗಲೆಲ್ಲ ನನಗೆ ಅದು ಎರಡು ಸಾವಿರ ವರ್ಷ ಹಳೆಯದೆಂದು ನಂಬಲು ಕಷ್ಟವಾಗುತ್ತದೆ. ಆರ್ಕಿಯಸ್ ಆಂಟಿಯೋಕ್‌ನಲ್ಲಿ ಹುಟ್ಟಿದ ಗ್ರೀಕ್ ಕವಿ. ದಕ್ಷಿಣ ಇಟಲಿಯ ಹೆರಾಕ್ಲಿಯಾ ಪಟ್ಟಣ ಅವನನ್ನು ತನ್ನ ಪೌರನೆಂದು ಸೇರಿಸಿಕೊಂಡಿತ್ತು, ಅದರ ಆಧಾರದ ಮೇಲೆ ಕ್ರಿ.ಪೂ. 89ರ ಕಾನೂನಿನಡಿ ಅವನು ರೋಮನ್ ಪೌರನಾಗಿದ್ದ. ಮೂರು ವರ್ಷ ಹಿಂದೆ, ಕ್ರಿ.ಪೂ. 65ರಲ್ಲಿ, ಪೌರರಲ್ಲದವರನ್ನು ರೋಮ್ ನಗರದಿಂದ ಹೊರಹಾಕುವ ಕಾನೂನು ಬಂದಿತ್ತು. ಆ ಕಾನೂನಿನಡಿಯಲ್ಲೇ ಅವನ ಮೇಲೆ ಮೊಕದ್ದಮೆ ಬಿತ್ತು. ಹೆರಾಕ್ಲಿಯಾದ ದಫ್ತರು ತೋರಿಸು ಎಂದು ಎದುರಾಳಿ ಕೇಳಿದ. ದಫ್ತರ ಖಾನೆ ಯುದ್ಧದಲ್ಲಿ ಸುಟ್ಟುಹೋದದ್ದು ಎಲ್ಲರಿಗೂ ಗೊತ್ತು, ಊರಿನ ಗಣ್ಯರು ಖುದ್ದಾಗಿ ಬಂದು ಸಾಕ್ಷಿ ಹೇಳುತ್ತಿರುವಾಗ ಸುಟ್ಟ ಕಾಗದವನ್ನು ಕೇಳುವುದು ಹಾಸ್ಯಾಸ್ಪದವೆಂದು ಸಿಸೆರೊ ವಾದಿಸಿದ. ಜನಗಣತಿಯಲ್ಲಿ ಹೆಸರಿಲ್ಲವಲ್ಲ ಎಂಬ ಪ್ರಶ್ನೆಗೆ, ಗಣತಿಯ ಹೊತ್ತಿಗೆ ಕವಿ ಸೇನಾಪತಿ ಲುಕಲ್ಲಸ್‌ನ ಜೊತೆ ದೂರದ ಏಷ್ಯಾದಲ್ಲಿದ್ದ ಎಂಬುದು ಉತ್ತರ.

ಅಸ್ಸಾಮಿನ ರಾಷ್ಟ್ರೀಯ ಪೌರತ್ವ ನೋಂದಣಿಯ ಪಟ್ಟಿ 2019ರ ಆಗಸ್ಟ್ 31ರಂದು ಪ್ರಕಟವಾದಾಗ 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಅದರಲ್ಲಿರಲಿಲ್ಲ. 1971ರ ಮಾರ್ಚ್ 24ರ ಮಧ್ಯರಾತ್ರಿಯೊಳಗೆ ತಾವು ಅಥವಾ ತಮ್ಮ ಹಿರಿಯರು ಇಲ್ಲಿದ್ದರೆಂದು ಅವರು ಕಾಗದದಿಂದ ತೋರಿಸಬೇಕಿತ್ತು. ಬ್ರಹ್ಮಪುತ್ರದ ನೆರೆ ವರ್ಷವರ್ಷ ಮನೆಗಳನ್ನೇ ಕೊಚ್ಚಿಕೊಂಡು ಹೋಗುವ ನಾಡಿನಲ್ಲಿ ಐವತ್ತು ವರ್ಷದ ಹಿಂದಿನ ಕಾಗದ ಉಳಿಸಿಕೊಳ್ಳುವುದು, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಗಳು ತನ್ನ ತಂದೆಯೊಂದಿಗಿನ ಸಂಬಂಧವನ್ನು ದಾಖಲೆಯಿಂದ ಸಾಬೀತು ಮಾಡುವುದು, ಎರಡೂ ಸುಲಭವಲ್ಲ. ಅಕ್ರಮ ವಲಸೆಯ ಬಗ್ಗೆ ಅಸ್ಸಾಮಿಗರ ಆತಂಕಕ್ಕೆ ಆಧಾರವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಆರ್ಕಿಯಸ್‌ನ ಪರ ವಾದಿಸಲು ಆ ಕಾಲದ ಅತ್ಯುತ್ತಮ ವಕೀಲ ಬಂದು ನಿಂತಿದ್ದ, ಏಕೆಂದರೆ ಕವಿಗೆ ದೊಡ್ಡವರ ಸ್ನೇಹವಿತ್ತು. ಬಾರ್ಪೇಟಾದ ಕೂಲಿಯವನಿಗೆ ಅಂಥ ಸ್ನೇಹ ಎಲ್ಲಿಂದ ಬರಬೇಕು?

ಬೆಂಗಳೂರಿನ ಮಧ್ಯಮ ವರ್ಗಕ್ಕೆ ಪೌರತ್ವದ ಪ್ರಶ್ನೆ ಎದುರಾಗುವುದು ಇನ್ನೊಂದು ದಿಕ್ಕಿನಿಂದ. ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಬೀದಿಗೊಂದು ಮನೆಯ ಮಗ ಅಥವಾ ಮಗಳು ಅಮೆರಿಕದಲ್ಲಿ ಗ್ರೀನ್ ಕಾರ್ಡಿಗೆ ಕಾಯುತ್ತಿರುತ್ತಾರೆ. ಯಾವ ದೇಶದಲ್ಲಿ ಹುಟ್ಟಿದವರಿಗೂ ಶೇಕಡಾ 7ಕ್ಕಿಂತ ಹೆಚ್ಚು ಪಾಲು ಕೊಡಬಾರದೆಂಬ ಅಲ್ಲಿನ ಮಿತಿಯಿಂದ ಭಾರತೀಯರ ಸಾಲು ದಶಕಗಳಷ್ಟು ಉದ್ದವಾಗಿದೆ. ಕೊನೆಗೆ ಅಲ್ಲಿನ ಪೌರತ್ವ ಸಿಕ್ಕರೆ ನಮ್ಮ ಕಾನೂನಿನ ಪ್ರಕಾರ ಇಲ್ಲಿನದು ಆ ಕ್ಷಣವೇ ಹೋಗುತ್ತದೆ, ಬದಲಿಗೆ ಸಿಗುವ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿನಲ್ಲಿ ಮತವಿಲ್ಲ, ಕೃಷಿ ಜಮೀನು ಕೊಳ್ಳುವ ಹಕ್ಕೂ ಇಲ್ಲ. ಒಬ್ಬನು ಎರಡು ನಗರಗಳ ಪೌರನಾಗಲಾರ ಎಂದು ಗಣರಾಜ್ಯದ ಕಾಲದಲ್ಲಿ ಸಿಸೆರೊ ಕೂಡ ಹೇಳಿದ್ದ. ನೂರು ವರ್ಷದೊಳಗೆ ಪೌಲ ಟಾರ್ಸಸ್ಸಿಗೂ ರೋಮಿಗೂ ಪೌರನಾಗಿದ್ದ. ಇಲ್ಲಿ ಸಾಮ್ರಾಜ್ಯ ನಮಗಿಂತ ಸಡಿಲವಾಗಿತ್ತು.

ನನ್ನನ್ನು ಹೆಚ್ಚು ಕಾಡುವುದು ಗಡಿಯನ್ನೇ ದಾಟದ ವಲಸಿಗ. ಯಾದಗಿರಿಯ ಗಾರೆಯವನು, ಒಡಿಶಾದ ಸೆಕ್ಯುರಿಟಿ ಗಾರ್ಡ್, ಬಿಹಾರದ ಬಡಗಿ, ಇವರೆಲ್ಲ ಪೂರ್ಣ ನಾಗರಿಕರು. 19ನೆಯ ವಿಧಿ ಅವರಿಗೆ ಬೆಂಗಳೂರಿನಲ್ಲಿ ನೆಲೆಸುವ ಹಕ್ಕನ್ನು ಕೊಟ್ಟಿದೆ. ಆದರೂ ನಗರದೊಳಗೆ ಹೊಸ ಗೆರೆಗಳು ಏಳುತ್ತವೆ. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿ, ಉದ್ಯಮಿಗಳ ವಿರೋಧದಿಂದ ಕೂಡಲೇ ತಡೆಹಿಡಿದ ಸ್ಥಳೀಯರ ಉದ್ಯೋಗ ಮಸೂದೆಯಲ್ಲಿ ಸ್ಥಳೀಯನೆಂದರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಇಲ್ಲಿ ನೆಲೆಸಿ, ಕನ್ನಡವನ್ನು ಮಾತನಾಡಲು, ಓದಲು, ಬರೆಯಲು ಬಲ್ಲವನು ಎಂದಿತ್ತು. ಭಾರತೀಯನಾಗಲು 12 ವರ್ಷ ಸಾಕು, ಸ್ಥಳೀಯನಾಗಲು 15. ಕನ್ನಡಿಗರಿಗೆ ಕೆಲಸ ಸಿಗಬೇಕೆಂಬ ಬೇಡಿಕೆ ನ್ಯಾಯವಾದದ್ದೆಂದೇ ನಂಬಿರುವ ನನಗೂ, ಇಲ್ಲಿಗೆ ಬಂದು ಭಾಷೆ ಕಲಿತವನಿಗೆ ಹುಟ್ಟಿನ ಷರತ್ತಿನಿಂದ ಬಾಗಿಲು ಮುಚ್ಚುವುದು ಕನ್ನಡಕ್ಕೇ ನಷ್ಟವೆಂದು ತೋರುತ್ತದೆ. ಭಾಷೆಯನ್ನು ಕಲಿಯಬಹುದು, ಹುಟ್ಟನ್ನು ಕಲಿಯಲಾಗದು.

ಮತದ ವಿಷಯದಲ್ಲಂತೂ ಹಳೆಯ ರೋಮಿಗೂ ಇಂದಿನ ಬೆಂಗಳೂರಿಗೂ ಇರುವ ಹೋಲಿಕೆ ಬೆರಗು ಹುಟ್ಟಿಸುತ್ತದೆ. ಯುದ್ಧ ಮಾಡಿ ಪೌರತ್ವ ಪಡೆದ ಇಟಲಿಯ ರೈತ ಮತ ಹಾಕಬೇಕಾದರೆ ಖುದ್ದಾಗಿ ರೋಮಿಗೆ ಹೋಗಬೇಕಿತ್ತು. ಹೊಲ ಬಿಟ್ಟು ಹೋಗಲು ಸಾಧ್ಯವಾದದ್ದು ಉಳ್ಳವರಿಗೆ ಮಾತ್ರ. ನಮ್ಮಲ್ಲಿ ಮತದಾರರ ಪಟ್ಟಿಯ ಹೆಸರು ವಾಸದ ಸ್ಥಳಕ್ಕೆ ಅಂಟಿಕೊಂಡಿದೆ. ಶೆಡ್ಡಿನಿಂದ ಶೆಡ್ಡಿಗೆ ಬದಲಾಗುವ ಕಟ್ಟಡ ಕಾರ್ಮಿಕ ಇಲ್ಲಿ ವಿಳಾಸ ತೋರಿಸಲಾರ, ಊರಿನ ಪಂಚಾಯಿತಿಯ ಮತವನ್ನು ಬಿಟ್ಟುಕೊಡಲೂ ಅವನಿಗೆ ಮನಸ್ಸಿಲ್ಲ. ಹೀಗಾಗಿ ಚುನಾವಣೆ ಬಂದಾಗ ಮೆಜೆಸ್ಟಿಕ್‌ನಿಂದ ರಾಯಚೂರು, ಕಲಬುರಗಿ ಕಡೆಯ ಬಸ್ಸುಗಳು ತುಂಬಿ ಹೋಗುತ್ತವೆ, ಕೂಲಿ ಬಿಟ್ಟು ಹೋಗಲಾಗದವರು ಇಲ್ಲೇ ಉಳಿಯುತ್ತಾರೆ.

ಅಗಸ್ಟಸ್ ಇದಕ್ಕೊಂದು ಉಪಾಯ ಹುಡುಕಿದ್ದನೆಂದು ರೋಮನ್ ಚರಿತ್ರೆಕಾರ ಸ್ಯುಟೋನಿಯಸ್ ಬರೆದಿದ್ದಾನೆ. ಇಟಲಿಯಲ್ಲಿ ತಾನು ನೆಲೆಗೊಳಿಸಿದ 28 ವಸಾಹತುಗಳ ಪುರಸಭಾ ಸದಸ್ಯರು ತಮ್ಮ ತಮ್ಮ ಊರಲ್ಲೇ ಮತ ಹಾಕಿ, ಅದಕ್ಕೆ ಮುದ್ರೆ ಒತ್ತಿ, ಚುನಾವಣೆಯ ದಿನಕ್ಕೆ ರೋಮಿಗೆ ಕಳಿಸುವ ಏರ್ಪಾಡು ಅದು. ಸದಸ್ಯರಿಗಷ್ಟೇ ಇದ್ದ ಸವಲತ್ತು, ಸಾಮಾನ್ಯ ಪೌರರಿಗಲ್ಲ, ಕ್ರಿ.ಶ. 14ರಲ್ಲಿ ಅಗಸ್ಟಸ್ ಸತ್ತ ಬೆನ್ನಿಗೇ ಅಧಿಕಾರಿಗಳ ಆಯ್ಕೆ ಜನಸಭೆಯಿಂದ ಸೆನೆಟ್ಟಿಗೆ ಹೋದದ್ದರಿಂದ ಅದಕ್ಕೆ ಅರ್ಥವೂ ಉಳಿಯಲಿಲ್ಲ. ನಮ್ಮ ಚುನಾವಣಾ ಆಯೋಗ 2022ರ ಡಿಸೆಂಬರಿನಲ್ಲಿ, ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳವರೆಗೆ ಮತ ಹಾಕಬಹುದಾದ ದೂರ ಮತಯಂತ್ರದ ಮಾದರಿಯನ್ನು ಪ್ರಕಟಿಸಿ, ಮುಂದಿನ ತಿಂಗಳು ಪಕ್ಷಗಳಿಗೆ ಅದರ ಪ್ರಾತ್ಯಕ್ಷಿಕೆ ಏರ್ಪಡಿಸಿತು. ವಲಸಿಗನೆಂದರೆ ಯಾರು, ದೂರದ ಮತಗಟ್ಟೆಯಲ್ಲಿ ಪಕ್ಷದ ಏಜೆಂಟರು ಕೂರುವುದು ಹೇಗೆ, ಯಂತ್ರವನ್ನು ನಂಬುವುದು ಹೇಗೆ ಎಂದು ವಿರೋಧ ಪಕ್ಷಗಳು ಆಕ್ಷೇಪಿಸಿದವು. 2024ರ ಲೋಕಸಭಾ ಚುನಾವಣೆ ಆ ಯಂತ್ರವಿಲ್ಲದೆಯೇ ನಡೆಯಿತು. ಆಕ್ಷೇಪಗಳಲ್ಲಿ ಹುರುಳಿದೆ, ಅವಕ್ಕೆ ಉತ್ತರ ಕೊಡಬೇಕಾದದ್ದು ಆಯೋಗದ ಕೆಲಸ. ಆದರೆ ಯಂತ್ರವೇ ಬೇಕೆಂದೇನೂ ಇಲ್ಲ: ಸೈನಿಕರಿಗೆ ಈಗಾಗಲೇ ಇರುವ ಅಂಚೆ ಮತದ ಸೌಲಭ್ಯವನ್ನು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡ ವಲಸಿಗರಿಗೆ ಪ್ರಯೋಗವಾಗಿ ಕೊಟ್ಟು ನೋಡಬಹುದು, ಅದಕ್ಕೆ ಬೆಂಗಳೂರಿಗಿಂತ ತಕ್ಕ ನಗರ ಇನ್ನೊಂದು ಸಿಗಲಾರದು.